ಪಾದ್ರಿಗಳ ಕಾಲೇಜಿನ ಮೇಣಬತ್ತಿ

ಹುಮನಾಬಾದ
ಆಷಾಢ ವದ್ಯ, ಬುಧವಾರ
ತಾ. 15-7-1936

ಚಿ. ಸೌ. ತಂಗಿ ಸುಂದರಬಾಯಿಗೆ ಅಕ್ಕ ಶಕುಂತಲಾಬಾಯಿ ಮನಸಾರೆ ಹರಸಿ ಬರದದ್ದು.

ಇಲ್ಲಿ ನಾ ಆರಾಮ ಇದ್ದೀನಿ, ಎಮ್ಮಿ ಆರಾಮ ಅದ, ಹಿತ್ತಲದಾಗಿನ ನುಗ್ಗಿ ಗಿಡಾನೂ ಆರಾಮ ಅದ. ಅಲ್ಲಿ ನೀ, ಸಣ್ಣ ಕೂಸು, ಮತ್ತ ಮನಿಯವರು ಹ್ಯಾಂಗ ಇದ್ದೀರಿ ಅಂತ ಕೇಳೋ ಕಾರಣನ ಇಲ್ಲ. ಸಂತಿ ದಿನ ಅವರು ಇಲ್ಲಿಗೆ ಬಂದಾಗ ಮಾರಿ ನೋಡಿದ್ರ ಗೊತ್ತಾಗ್ತದ, ಕಲ್ಯಾಣದ ನೀರು ಅವರಿಗೆ ಚೊಲೋ ಹಿಡದದ. ಹೋದ ಸಂತಿಗೆ ಬಂದಾಗ ಅಂಗಿಗೆ ಹೊಸಾ ಗುಂಡಿ ಇದ್ವು. ನೀ ಹಚ್ಚಿದ್ದಿರಬೇಕು, ಹೊಲಿಗಿ ಬಿಗಿ ಇತ್ತು. ಆದ್ರೂ ಪದ್ಧತಿ ಬಿಡಬಾರದು, ಕೇಳಾಕತ್ತೇನಿ: ಎಲ್ಲಾರೂ ಸುಖಾ ಇದ್ದೀರಿ ಅಲ್ಲ?

ಮುಂಬೈಯಿಂದ ಬಂದ ಕೂಡಲೆ ಕಾಗದ ಬರೀತೀನಿ ಅಂತ ನಿನಗ ಮಾತು ಕೊಟ್ಟಿದ್ದೆ. ಬಂದು ಭಾಳ ದಿನ ಆತು. ಸಿಟ್ಟಾಗಬ್ಯಾಡ. ಮೊದಲ ಮೋಟರಿನ ಧೂಳಕ್ಕ ಎದಿ ಕಟ್ಟಿತು, ಶುಂಠಿ ಕಷಾಯ ಕುಡಕೋತ ಮಲಗಿದೆ. ಆಮ್ಯಾಲ ಮಳಿ ಹಿಡದು ಮಾಳಿಗಿ ಸೋರಾಕತ್ತಿತು, ಮ್ಯಾಲ ಮಣ್ಣು ಹಾಕಿಸಬೇಕಾತು. ಅಷ್ಟರಾಗ ಎಮ್ಮಿ ಈತು. ಇವು ಯಾವೂ ಸುಳ್ಳಲ್ಲ.

ಈ ಕಾಗದ ನೀನ ಓದು. ಮಠದ ಅಯ್ಯನೋರ ಕಡೆ ಓದಿಸಬ್ಯಾಡ, ಮನಿಯವರ ಕೈಯಾಗೂ ಕೊಡಬ್ಯಾಡ. ನಮ್ಮ ಹುಡುಗ ಬಸವಣ ಪಾಟಿ ಹಿಡದು ಕುಂತಾಗ ಅವನ ಮಗ್ಗಲಾಗ ನಿನ್ನನ್ನೂ ಕೂಡಿಸಿ ಅಕ್ಷರ ತಿದ್ದಿಸಿದಾಕಿ ನಾನು. ಸೊಲ್ಲಾಪುರದ ಕನ್ನಡ ಸಾಲ್ಯಾಗ ನಾ ನಾಲ್ಕನೇ ಇಯತ್ತೆ ತನಕ ಕಲಿತದ್ದು ಅಷ್ಟಕ್ಕರೇ ಬಂತು. ಅಂವ ಸರಸರ ಕಲಿತ, ನೀ ಒಂದು ಪೂರಾ ಮಳಗಾಲ ತಗೊಂಡಿ, ಆದ್ರ ಕಲಿತಿ. ಹಂಗಾಗಿ ನಿಧಾನ ಆದ್ರೂ ಚಿಂತಿಲ್ಲ, ಒಬ್ಬಾಕಿನ ಕುಂತು ಓದು.

ಇನ್ನ ಸುದ್ದಿ ಹೇಳ್ತೀನಿ. ಮಣ್ಣೆತ್ತಿನ ಅಮಾಸಿ ಮರುದಿನ ನಾನು ಬಸವಣ ಇಲ್ಲಿಂದ ಮೋಟರ್ ಹತ್ತಿದ್ದು ನಿನಗ ಗೊತ್ತದ. ಸೊಲ್ಲಾಪುರಕ್ಕ ಹೋಗಿ ಅಲ್ಲಿಂದ ನಮ್ಮ ಅಣ್ಣ ಗುರುಲಿಂಗಪ್ಪನ್ನ ಕರಕೊಂಡು, ಹುಡುಗನ್ನ ಮುಂಬೈ ಕಾಲೇಜಿಗೆ ಸೇರಸಲಿಕ್ಕ ರೈಲು ಹಿಡಿಯೋದು ಅಂತ ಆಗಿತ್ತು. ಮೋಟರ್ ಕಲ್ಯಾಣಕ್ಕ ಹಾದಿ ಒಡಿಯೋ ಫಾಟಾದಾಗ ನಿಂತಾಗ ನೀ ಬೇವಿನ ಗಿಡದ ಕೆಳಗ ನಿಂತಿದ್ದಿ. ತಲಿ ಮ್ಯಾಲ ಸೆರಗು, ಕಂಕುಳಾಗ ಕೂಸು, ಕೈಯಾಗ ಶೇಂಗಾ ಹೋಳಿಗಿ ಗಂಟು. ನಸುಕಿನ್ಯಾಗ ಎದ್ದು ಮಾಡಿದ್ದಿರಬೇಕು, ಅರಿವಿ ಇನ್ನೂ ಬಿಸಿ ಇತ್ತು. ಬಸವಣ ಜಿಗದು ಇಳದ, ನಿನ್ನ ಕಾಲು ಮುಟ್ಟಿದ. ನೀ ಅವನ ಗದ್ದ ಹಿಡದು ಏನೋ ಅಂದಿ. ಎಂಜಿನ್ ಸಪ್ಪಳದಾಗ ನನಗ ಕೇಳಿಸಲಿಲ್ಲ. ಏನಂದಿ ಅಂತ ಆಮ್ಯಾಲ ಅವನಿಗೆ ಕೇಳಿದೆ. ಏನಿಲ್ಲ ಅಂದ. ಏನಿಲ್ಲ ಅನ್ನೋ ಮಾತಿಗೆ ಅಷ್ಟು ಹೊತ್ತು ಬೇಕೇನು?

ಮೋಟರಿನಾಗ ನನ್ನ ಮಗ್ಗಲಾಗ ಜಾಗಾ ಇತ್ತು. ನೀ ಬರ್ತೀನಿ ಅನಲಿಲ್ಲ, ನಾ ಬಾ ಅನಲಿಲ್ಲ. ಬಾ ಅಂದಿದ್ರ ನೀ ಉಟ್ಟ ಸೀರಿಮ್ಯಾಲೇ ಬರ್ತಿದ್ದಿ, ನನಗ ಗೊತ್ತದ. ದಾರಿ ತುಂಬಾ ಅಂವ ನಿನ್ನ ಹೋಳಿಗಿನ ತಿಂದ. ನಾ ಕಟ್ಟಿಕೊಂಡಿದ್ದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಸೊಲ್ಲಾಪುರದ ತನಕ ಗಂಟಿನಾಗ ಇತ್ತು. ಅವ್ವಾ, ರೊಟ್ಟಿ ಎಲ್ಲಿ ಓಡಿ ಹೋಗ್ತಾವ, ಹೋಳಿಗಿ ಮೆತ್ತಗಾಗ್ತಾವ ಅಂದ. ನೋಡು, ಲೆಕ್ಕಾ ಹ್ಯಾಂಗ ಹೇಳ್ತಾನ.

ನಿನ್ನ ಮ್ಯಾಲ ನನಗ ಹಗಿ ಇಲ್ಲ, ಸುಂದರಾ. ಇದ್ದಿದ್ರ ಘಾಟಬೋರಾಳದ ತನಕ ಗಾಡಿ ಕಟ್ಟಿಕೊಂಡು ಬಂದು ನಿನ್ನ ನೋಡಿ, ನಿನ್ನ ಕೈಗೆ ಬಳಿ ಏರಿಸಿ ಈ ಮನಿಗಿ ಕರಕೊಂಡು ಬರ್ತಿದ್ದೆನೇನು? ಮಣ್ಣಿನ ಸವತೀನೂ ಬ್ಯಾಡ ಅಂತ ನಮ್ಮವ್ವ ಬಡಕೊಂಡ್ಲು. ನಾ ಕೇಳಲಿಲ್ಲ. ನನಗ ಮಕ್ಕಳಾಗಲಿಲ್ಲ, ಮನಿಗಿ ಒಂದು ಕೂಸು ಬೇಕಿತ್ತು. ನಿನಗ ಎಂಟು ತಿಂಗಳು ತುಂಬಿದಾಗ ಅಯ್ಯನೋರು ಬಂದು ಹೊಟ್ಟ್ಯಾಗಿನ ಕೂಸಿಗೆ ಅಂತ ನಿನ್ನ ಹೊಟ್ಟಿಗಿ ಲಿಂಗ ಕಟ್ಟಿದ್ರಲ್ಲ, ಆವತ್ತು ದಾರದ ಇನ್ನೊಂದು ತುದಿ ಹಿಡದಾಕಿ ನಾನು. ಒಂದ ಗಂಟು ಸಾಲದು ಅಂತ ನಾ ಎರಡು ಹಾಕಿದೆ. ನೀ ನಕ್ಕಿ. ಆ ಲಿಂಗನ ಇವತ್ತಿಗೂ ಅವನ ಕೊರಳಾಗ ಅದ.

ಮುಂದ ಅವರು ಕಲ್ಯಾಣದಾಗ ಎರಡನೇ ಅಂಗಡಿ ತೆರದ್ರು. ಯಾರರೇ ಒಬ್ಬಾಕಿ ಅವರ ಸಂಗಾಟ ಹೋಗಬೇಕಾತು. ನಾವಿಬ್ಬರು ಒಲಿ ಮುಂದ ಕುಂತು ಮಾತಾಡಿದ್ದು ನೀ ಮರತಿರಾಕಿಲ್ಲ. ನೀ ಅವರ ಸಂಗಾಟ ಹೋಗು, ಹುಡುಗ ನನ್ನ ಹತ್ತರ ಇರಲಿ ಅಂದೆ. ನೀ ತಲಿ ಬಗ್ಗಿಸಿ ಹೂಂ ಅಂದಿ. ನಿನಗ ಅವರು, ನನಗ ಅಂವ. ಅಂವ ನನಗ ಅವ್ವ ಅಂದ, ನಿನಗ ಸಣ್ಣವ್ವ ಅಂದ. ಇಬ್ಬರೂ ಮಾತಿಗಿ ತಪ್ಪಲಿಲ್ಲ. ಸೊಲ್ಲಾಪುರದಾಗ ನಮ್ಮಣ್ಣನ ಮನ್ಯಾಗ ಇದ್ದು ಸಾಲಿ ಕಲಿಯಾಗ ಸುದ್ದಾ, ಸೂಟಿ ಬಿಟ್ರ ಅಂವ ಸೀದಾ ಹುಮನಾಬಾದಕ್ಕ ಬರ್ತಿದ್ದ. ಈಗ ಮುಂಬೈ ಸೇರಿದ. ನಿನ್ನ ಪಾಲಿಂದು ನಿನ್ನ ಹತ್ತರನ ಅದ. ನನ್ನ ಪಾಲಿಂದು ರೈಲು ಹತ್ತಿ ಹೋತು. ಅದಕ್ಕ ಮುಂಬೈಗೆ ನಾನ ಹೋಗ್ತೀನಿ ಅಂತ ಹಟಾ ಹಿಡದೆ. ಅಲ್ಲಿ ಮಂದಿ ಮುಂದ ಅವನ ತಾಯಿ ಅಂತ ಒಮ್ಮೆ ನಿಲ್ಲಬೇಕಿತ್ತು ನನಗ, ಅಷ್ಟ. ಹೆಂಗಸರು ಅಲ್ಲಿ ಹೋಗಿ ಏನ ಮಾಡ್ತೀರಿ ಅಂತ ಅವರು ಅಂದಿದ್ದು ನಿನ್ನ ಕಿವಿಗೂ ಬಿದ್ದಿರಬೇಕು.

ಮುಂಬೈ ವರ್ಣನಾ ನಾ ಮಾಡಾಂಗಿಲ್ಲ. ಮಂದಿ, ಮಳಿ, ಮಂದಿ. ಕಾಲೇಜು ಮಾತ್ರ ಕಲ್ಲಿನ ಕಟ್ಟಡ, ನಮ್ಮ ಕಲ್ಯಾಣದ ಕಿಲ್ಲಾದಷ್ಟು ಗಟ್ಟಿ ಕಾಣ್ತದ. ನಡಸೋರು ಪಾದ್ರಿಗಳು. ಬಿಳೇ ನಿಲುವಂಗಿ, ಉದ್ದ ಗಡ್ಡ, ಮದಿವಿ ಇಲ್ಲ, ಮಕ್ಕಳಿಲ್ಲ. ಆದ್ರ ಹುಡುಗರೆಲ್ಲಾ ಅವರಿಗೆ ಫಾದರ್ ಅಂತಾರ. ಹಂಗಂದ್ರ ಏನೋ ಅಂತ ಕೇಳಿದ್ರ, ಅಪ್ಪಾ ಅಂತ ಅರ್ಥ ಅಂದ ಬಸವಣ. ಒಂದೂ ಹಡೀದೆ, ಒಂದೂ ಸಾಕದೆ ಅಷ್ಟು ಮಂದಿಗಿ ಅಪ್ಪ ಆಗ್ಯಾರ, ಯಾರೂ ಅವರಿಗೆ ಹಡದಾವರು ಯಾರು ಅಂತ ಕೇಳಾಂಗಿಲ್ಲ. ನನಗ ಹೊಟ್ಟಿ ಉರೀತು, ಖರೇ ಹೇಳ್ತೀನಿ.

ಅವರಲ್ಲಿ ಒಂದು ಪದ್ಧತಿ ಅದ. ವರ್ಷದ ಪಾಠ ಸುರು ಮಾಡೋಕಿಂತ ಮೊದಲ ತಮ್ಮ ಗುಡ್ಯಾಗ ದೊಡ್ಡ ಪೂಜಾ ಮಾಡ್ತಾರ. ಬುದ್ಧಿ ಕೊಡಪಾ ಅಂತ ಬೇಡಿಕೊಳ್ಳೋದು. ಅದಕ್ಕ ಮಾಸ್ ಅಂತಾರ. ಬ್ಯಾರೆ ಜಾತಿ ಹುಡುಗರಿಗೆ ಬರಲೇಬೇಕು ಅಂತ ಜುಲುಮಿ ಇಲ್ಲ, ಬಂದ್ರ ಚೊಲೋ. ತಾಯಿ-ತಂದಿ ಊರಾಗ ಇದ್ರ ಅವರೂ ಬರಬಹುದು. ಬಸವಣ ಹಿಂದಿನ ದಿನ ಒಬ್ಬ ಬಿಳೇ ಗಡ್ಡದ ಫಾದರ್ ಹತ್ತರ ನಿಂತು ಭಾಳ ಹೊತ್ತು ಇಂಗ್ರೇಜಿ ಮಾತಾಡಿ ನನ್ನ ಕಡೆ ಕೈ ತೋರಿಸಿದ. ಫಾದರ್ ನನ್ನ ನೋಡಿ ತಲಿ ಬಗ್ಗಿಸಿದ್ರು. ಏನ ಹೇಳಿದಿ ಅಂತ ನಾ ಕೇಳಲಿಲ್ಲ. ಆ ಮಾತು ಮನಸಿನ್ಯಾಗ ಇಟಗೊ, ಮುಂದ ಬರ್ತದ.

ಮರುದಿನ ಮುಂಜಾನೆ ಜಳಕಾ, ಲಿಂಗಪೂಜಾ ಮುಗಿಸಿ, ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರಿ ಉಟ್ಟು ಹೋದೆ. ಬಾಗಲದಾಗ ಮೊದಲನೇ ಫಜೀತಿ. ಅವರಲ್ಲಿ ಒಳಗ ಹೋಗಾಗ ಗಂಡಸರು ತಲಿ ಬಿಚ್ಚಬೇಕು, ಕಾಲಾಗಿನ ಜೋಡು ಹಾಕ್ಕೊಂಡ ಹೋಗಬಹುದು. ನಮ್ಮಣ್ಣ ಜೋಡು ಬಿಟ್ಟು ರುಮಾಲ ಸುತ್ತಿಕೊಂಡು ನಿಂತಿದ್ದ. ಅಲ್ಲಿಯವ ಒಬ್ಬ ರುಮಾಲ ತೆಗೀರಿ ಅಂತ ಸನ್ನಿ ಮಾಡಿದ. ಅಣ್ಣ ಮಾರಿ ಕೆಂಪು ಮಾಡಿದ. ಮನ್ಯಾಗ ಹೆಣ ಬಿದ್ದಾಗ ತಲಿ ಬಿಚ್ಚತೀವಿ, ಹುಡುಗ ಸಾಲಿಗಿ ಸೇರೋ ದಿನ ಬಿಚ್ಚತೀವೇನು ಅಂದ. ಒಳಗ ಬರಲೇ ಇಲ್ಲ, ಮಳ್ಯಾಗ ಛತ್ರಿ ಹಿಡದು ಹೊರಗ ನಿಂತ. ಬಸವಣ ಟೊಪಿಗಿ ತೆಗದು ಕಂಕುಳಾಗ ಹಿಡಕೊಂಡು ಮುಂದಿನ ಬಾಕಿನ ಮ್ಯಾಲ ಹುಡುಗರ ಸಂಗಾಟ ಕುಂತ. ನಾ ಒಬ್ಬಾಕಿನ ಹಿಂದ ಹೆಂಗಸರ ಸಾಲಿನಾಗ ಕುಂತೆ. ನನ್ನ ಮಗ್ಗಲಾಗ ಗೋವಾದಾಕಿ ಒಬ್ಬಾಕಿ ಕುಂತಿದ್ಲು. ಆಕಿ ಕೊಂಕಣಿ, ನಾ ಸೊಲ್ಲಾಪುರದ ಮರಾಠಿ, ಹ್ಯಾಂಗೋ ನಡೀತು. ಆಕಿ ಮಗನೂ ಅದ ಇಯತ್ತೆಗಿ ಬಂದಿದ್ದ.

ಪೂಜಾ ನೋಡಬೇಕಿತ್ತು ನೀ. ಫಾದರ್‌ಗಳು ಕೆಂಪು ಜರಿ ಬಟ್ಟಿ ಹಾಕ್ಕೊಂಡು ನಮಗ ಬೆನ್ನು ಮಾಡಿ ನಿಂತು ಮಂತ್ರಾ ಹೇಳ್ತಾರ. ಭಾಷಾ ಯಾವದೋ ಹಳೇದು, ಗೋವಾದಾಕಿಗೂ ತಿಳಿಯಾಂಗಿಲ್ಲಂತ. ನಮ್ಮ ಅಯ್ಯನೋರು ಸೌಂಸ್ಕೃತ ಹೇಳಾಗ ನಮಗೇನು ತಿಳೀತದ, ಹಂಗ. ಲೋಬಾನದ ಹೊಗಿ, ಸಣ್ಣ ಘಂಟಿ ಸಪ್ಪಳ, ಎಲ್ಲಾರೂ ಒಮ್ಮೆ ಮೊಣಕಾಲೂರೋದು, ಒಮ್ಮೆ ಏಳೋದು. ನಾನೂ ಎದ್ದೆ, ಕುಂತೆ. ಮನಸಿನ್ಯಾಗ ನಮ್ಮ ವೀರಭದ್ರನ್ನ ನೆನಸಿದೆ, ನನ್ನ ಹುಡುಗಗ ಬುದ್ಧಿ ಕೊಡು, ನನ್ನ ಮರೀದಷ್ಟು ಬುದ್ಧಿ ಕೊಡು ಅಂದೆ.

ಆಮ್ಯಾಲ ಘಂಟಿ ಬಾರಿಸಿತು, ಫಾದರ್ ಬಟ್ಟಲ ಹಿಡಕೊಂಡು ಇಳದು ಬಂದ್ರು. ಜನಾ ಎದ್ದು ಸಾಲು ಹಚ್ಚಿದ್ರು. ಪ್ರಸಾದ ಅಂತ ತಿಳೀಲಿಕ್ಕ ಭಾಷಾ ಬೇಕೇನು? ಗೋವಾದಾಕಿ ಎದ್ಲು. ಮುಂದಿನ ಬಾಕಿನಿಂದ ಆಕಿ ಮಗಾ ಎದ್ದು ಬಂದು ತಾಯಿ ಮಗ್ಗಲಾಗ ನಿಂತ. ತಾಯಿ ಮಗ ಕೂಡಿ ಹೊಂಟ್ರು. ನಾ ಬಸವಣನ ಕಡೆ ನೋಡಿದೆ. ಅಂವ ಕುಂತಲ್ಲೇ ಕುಂತಿದ್ದ. ಮಗನ ಕೆಲಸ ಸುರು ಆಗೋ ದಿನ ಮೊದಲ ಪ್ರಸಾದ ತಾಯಿಗಿ ಸಿಗಬೇಕಲ್ಲ. ನಾನೂ ಎದ್ದೆ. ಸೆರಗು ಹೊತಗೊಂಡು ಸಾಲಿನಾಗ ಹೋಗಿ, ಕಟಕಟಿ ಮುಂದ ಎಲ್ಲಾರಂಗ ಮೊಣಕಾಲೂರಿ, ಎಡಗೈ ಮ್ಯಾಲ ಬಲಗೈ ಇಟ್ಟು ಒಡ್ಡಿದೆ. ನೋಡಿದ್ರ ಅಲ್ಲಿ ಎಲ್ಲಾರೂ ನಾಲಗಿ ಚಾಚಿದ್ರು, ಕೈ ಒಡ್ಡಿದಾಕಿ ನಾ ಒಬ್ಬಾಕಿನ.

ಅದ ಬಿಳೇ ಗಡ್ಡದ ಫಾದರ್ ನನ್ನ ಮುಂದ ಬಂದ್ರು. ನನ್ನ ಕೈ ನೋಡಿದ್ರು, ಹಣಿ ಮ್ಯಾಲಿನ ವಿಭೂತಿ ನೋಡಿದ್ರು, ಗುರುತು ಹಿಡದ್ರು. ಬಟ್ಟಲದಾಗಿಂದು ಕೊಡಲಿಲ್ಲ. ನನ್ನ ತಲಿ ಮ್ಯಾಲ ಗಾಳ್ಯಾಗ ಏನೋ ಗೀಟು ಎಳದು ಮುಂದಿನಾಕಿಗಿ ಹೋದ್ರು. ಪಂಕ್ತ್ಯಾಗ ಕುಂತಾಕಿ ಎಲಿ ಖಾಲಿ ಬಿಟ್ಟು ಮುಂದಿನ ಎಲಿಗೆ ಬಡಿಸಿದಂಗ ಆತು. ನಮ್ಮ ಮನಿ ದಾಸೋಹದಾಗ ವೈರಿ ಬಂದು ಕುಂತ್ರೂ ಹಿಂಗ ಮಾಡಾಂಗಿಲ್ಲ. ಒಡ್ಡಿದ ಕೈ ಮಡಚಲಿಕ್ಕೂ ಆಗಲಿಲ್ಲ ನನಗ. ಗೋವಾದಾಕಿ ಮೊಣಕೈ ಹಿಡದು ಎಬ್ಬಿಸಿಕೊಂಡು ಬಂದ್ಲು.

ನನ್ನ ತಲ್ಯಾಗ ಒಂದ ಮಾತು ಹೊಕ್ಕಿತು. ನಿನ್ನೆ ಹುಡುಗ ಕೈ ತೋರಿಸಿ ಹೇಳಿದ್ದು ಇದನ್ನ. ಈಕಿ ನನ್ನ ಹಡದಾಕಿ ಅಲ್ಲ, ಸಾಕಿದಾಕಿ ಅಂತ ಹೇಳ್ಯಾನ. ಅದಕ್ಕ ಹಡದವರಿಗೆಲ್ಲಾ ಕೊಟ್ಟು ನನ್ನ ದಾಟಿ ಹೋದ್ರು. ನೀ ನಗತಿ. ನಗು. ಆವತ್ತು ಆ ಬಾಕಿನ ಮ್ಯಾಲ ಕುಂತಿದ್ರ ನಿನಗೂ ಹಂಗ ಅನಸ್ತಿತ್ತು.

ಕಡೀಗಿ ಹೊಸಾ ಹುಡುಗರನ್ನೆಲ್ಲಾ ಹೆಸರು ಹಿಡದು ಕರದ್ರು. ಒಬ್ಬೊಬ್ಬಗ ಒಂದೊಂದು ಬಿಳೇ ಮೇಣಬತ್ತಿ ಕೊಟ್ರು. ಬಸವಣಪ್ಪ ಬಕ್ಕಪ್ಪ ಅಂತ ಕರದಾಗ ಅವರ ಬಾಯಾಗ ಆ ಹೆಸರು ಹ್ಯಾಂಗ ಹ್ಯಾಂಗೋ ಆತು. ಅಂವ ಎದ್ದು ಹೋಗಿ ಎರಡೂ ಕೈಲೆ ತಗೊಂಡ. ಹೆಗಲ ಅಗಲ ಆಗ್ಯಾವ ಅವನಿಗೆ, ಹಿಂದಿನಿಂದ ನೋಡಿದ್ರ ಥೇಟ ಮನಿಯವರ ಹಂಗ ಕಾಣ್ತಾನ. ಈ ಬತ್ತಿ ನಿಮ್ಮ ನಿಮ್ಮ ತಾಯಂದಿರಿಗೆ ಕೊಡ್ರಿ, ಮನ್ಯಾಗ ಹಚ್ಚಿ ನಿಮ್ಮ ಸಲುವಾಗಿ ಬೇಡಿಕೊಳ್ಳಲಿ ಅಂತ ಫಾದರ್ ಹೇಳಿದ್ರಂತ. ಗೋವಾದಾಕಿ ನನಗ ಕಿವ್ಯಾಗ ಹೇಳಿದ್ಲು.

ಹೊರಗ ಬಂದ ಮ್ಯಾಲ ನನಗ ತಡೀಲಿಕ್ಕ ಆಗಲಿಲ್ಲ. ಗಿಡದ ಕೆಳಗ ಅವನ ತೋಳು ಹಿಡದು ನಿಲ್ಲಿಸಿದೆ.

"ಫಾದರ್ ಮುಂದ ಏನ ಹೇಳಿದಿ? ನಾ ನಿನ್ನ ಹಡದಾಕಿ ಅಲ್ಲ ಅಂತ ಹೇಳಿದಿ ಅಲ್ಲ?"

ಅಂವ ನನ್ನ ಮಾರಿನ ನೋಡಿದ. ಮೊದಲ ತಿಳೀಲಿಲ್ಲ, ತಿಳದ ಮ್ಯಾಲ ನಕ್ಕ, ನನ್ನ ಕಣ್ಣಾಗ ನೀರು ನೋಡಿ ನಗೋದು ಬಿಟ್ಟ. "ಅವ್ವಾ, ನಮ್ಮವ್ವ ಹುಮನಾಬಾದದಿಂದ ಬಂದಾಳ, ನಾಳೆ ಪೂಜಾಕ್ಕ ಬರ್ತಾಳ ಅಂತ ಹೇಳಿದೆ," ಅಂದ. ಆಮ್ಯಾಲ ತಿಳಿಸಿ ಹೇಳಿದ. ಆ ಪ್ರಸಾದ ಅವರ ದೀಕ್ಷಾ ತಗೊಂಡವರಿಗೆ ಅಷ್ಟ ಅಂತ. ತನಗೂ ಕೊಡಾಂಗಿಲ್ಲ, ಅದಕ್ಕ ತಾ ಏಳಲಿಲ್ಲ ಅಂತ. ನಮ್ಮಲ್ಲಿ ಲಿಂಗ ಇಲ್ಲದವರಿಗೆ ಪಾದೋದಕ ಕೊಡ್ತೀವೇನು ಅಂತ ನನಗ ಕೇಳಿದ. ಅದೂ ಖರೇನ. ನಿನಗ ಮೊದಲ ಹೇಳಬೇಕಿತ್ತು, ನನ್ನ ತಪ್ಪು ಅಂತ ಗಲ್ಲಾ ಬಡಕೊಂಡ. ಹಂಗಾರ ಕಟಕಟಿ ತನಕ ಬರಲಿಕ್ಕ ಬಿಡಬಾರದಿತ್ತು ಅಂತ ನಾ ಅಂದೆ, ಆದ್ರ ಎದಿ ಹಗರ ಆಗಿತ್ತು.

ನನ್ನ ಕೈ ಹಿಡದು ಮತ್ತ ಒಳಗ ಕರಕೊಂಡು ಹೋದ. ಜನಾ ಹೋಗಿದ್ರು. ಒಂದು ಕಡೆ ಅವರ ದೇವಿ ಮೇರಿ, ತೊಡಿ ಮ್ಯಾಲ ಕೂಸಿನ್ನ ಕೂಡಿಸಿಕೊಂಡಾಳ. ಮುಂದ ಮೇಣಬತ್ತಿ ರಾಶಿ ಉರಿಯಾಕತ್ತಿದ್ವು. ನೋಡಾಕ ಶಾಂತ ಮಾರಿ, ಆಕಿಗೆ ಸವತಿ ಇದ್ದಂಗ ಕಾಣಲಿಲ್ಲ. ಅಂವ ಅಲ್ಲಿ ನಿಲ್ಲಲಿಲ್ಲ. ಇನ್ನೊಂದು ಮೂಲ್ಯಾಗ ಒಬ್ಬ ಗಡ್ಡದ ಗಂಡಸಿನ ಮೂರ್ತಿ ಇತ್ತು, ಕೈಯಾಗ ಹೂವಿನ ಕೋಲು. ಇವರು ಯೋಸೇಫ್ ಅಂತ, ಬಡಿಗ್ಯಾರು, ಆ ಕೂಸಿನ ಹುಟ್ಟಿಸಿದವರಲ್ಲ, ಸಾಕಿದವರು, ಇವರಿಗೂ ಇಲ್ಲಿ ಪೂಜಾ ಅದ ನೋಡು ಅವ್ವಾ ಅಂದ. ನನ್ನ ಸಮಾಧಾನ ಮಾಡಲಿಕ್ಕ ತೋರಿಸಿದ, ಹುಚ್ಚಪ್ಪ. ಅವರ ಮುಂದ ಒಂದ ಬತ್ತಿ ಇತ್ತು, ಅದೂ ಆರಿತ್ತು. ನಾ ಕೈ ಮುಗದೆ.

ಗೇಟಿನ ಹತ್ತರ ಎಲ್ಲಾ ಹುಡುಗರು ತಮ್ಮ ತಮ್ಮ ತಾಯಂದಿರಿಗೆ ಬತ್ತಿ ಕೊಡಾಕತ್ತಿದ್ರು. ಗೋವಾದಾಕಿ ಮಗನ ಹಣಿಗೆ ಮುತ್ತು ಕೊಟ್ಲು. ಬಸವಣ ಎಲ್ಲಾರ ಮುಂದ ಬಗ್ಗಿ ನನ್ನ ಕಾಲು ಮುಟ್ಟಿದ, ಎದ್ದು ತನ್ನ ಮೇಣಬತ್ತಿ ನನ್ನ ಕೈಯಾಗ ಇಟ್ಟ. ನಮ್ಮಣ್ಣ ನೋಡಿದ, ಗೋವಾದಾಕಿ ನೋಡಿದ್ಲು, ಬಿಳೇ ಗಡ್ಡದ ಫಾದರ್ ದೂರದಿಂದ ನೋಡಿ ತಲಿ ಬಗ್ಗಿಸಿದ್ರು. ಇನ್ನೇನು ಬೇಕು ನನಗ? ಆ ಬತ್ತಿ ಈಗ ಇಲ್ಲಿ ನಮ್ಮ ದೇವರ ಜಗಲಿ ಮ್ಯಾಲ, ವಿಭೂತಿ ಗಟ್ಟಿ ಮಗ್ಗಲಾಗ ಅದ. ಬಂದವರೆಲ್ಲಾ ಕೇಳ್ತಾರ. ನನ್ನ ಮಗಾ ಪಾದ್ರಿಗಳ ಕಾಲೇಜಿನಾಗ ಕೊಟ್ಟದ್ದು ಅಂತ ಹೇಳ್ತೀನಿ. ಸಂತಿ ದಿನ ಅವರೂ ನೋಡಿ ಕೇಳಿದ್ರು. ಅವರಿಗೂ ಅಷ್ಟ ಹೇಳಿದೆ.

ಅವನ ಊಟದ ಚಿಂತಿ ಮಾಡಬ್ಯಾಡ. ನಮ್ಮಣ್ಣನ ಗುರ್ತಿನ ಲಿಂಗಾಯತರ ಖಾನಾವಳಿ ಹತ್ತರನ ಅದ. ದಿನಾ ಲಿಂಗಪೂಜಾ ತಪ್ಪಸಾಂಗಿಲ್ಲ ಅಂತ ನನ್ನ ಕೈ ಮುಟ್ಟಿ ಹೇಳ್ಯಾನ. ದೀಪಾವಳಿಗೆ ಬರ್ತಾನ. ಇಲ್ಲಿಗೆ ಮೊದಲ ಬಂದು ಆಮ್ಯಾಲ ಅಲ್ಲಿಗೆ ಬರ್ತಾನ, ಯಾವತ್ತಿನಂಗ.

ನಾಗರ ಅಮಾಸಿ ಹತ್ತರ ಬಂತು. ಪಂಚಮಿಗಿ ಕೂಸಿನ್ನ ಕರಕೊಂಡು ಇಲ್ಲಿಗೆ ಬಾ, ಜೋಕಾಲಿ ಕಟ್ಟಿಸ್ತೀನಿ. ಮಳಿ ದಿನಾ, ಕೂಸಿನ ತಲಿ ಕಟ್ಟಿ ಹೊರಗ ಕರಕೊಂಡು ಹೋಗು. ನಿನ್ನ ಕುಂಕುಮ ಬಳಿ ಗಟ್ಟಿ ಇರಲಿ. ನಿನ್ನ ಗಟ್ಟಿ ಇದ್ರ ನಂದೂ ಗಟ್ಟಿ ಇದ್ದಂಗ. ಬಸವಣ್ಣ ನಿನ್ನ ಮನಿ ತಂಪಾಗಿಡಲಿ.

ನಿನ್ನ ಹಿರೇ ಅಕ್ಕ,
ಶಕುಂತಲಾಬಾಯಿ

ತಾ. ಕ.: ಕಾಗದ ಮಡಚಿ ಇಟ್ಟಿದ್ದೆ. ಮತ್ತ ಬಿಚ್ಚಿದೆ. ಮ್ಯಾಲ ಬರದದ್ದರಾಗ ಸುಳ್ಳಿಲ್ಲ, ಆದ್ರ ಪೂರಾ ಇಲ್ಲ.

ಗೇಟಿನ ಹತ್ತರ ಬತ್ತಿ ಕೈಯಾಗ ಇಟ್ಟು ಅಂವ ಒಂದು ಮಾತು ಅಂದ. "ಅವ್ವಾ, ಇದು ಸಣ್ಣವ್ವಗ. ನೀ ಬಂದು ಎಲ್ಲಾ ಕಣ್ಣಾರೆ ನೋಡಿದಿ. ಆಕಿ ಪಾಪ ಫಾಟಾದ ತನಕ ಅಷ್ಟ ಬಂದ್ಲು. ಹೊಳ್ಳಿ ಹೋಗಾಗ ಅಲ್ಲಿ ಇಳದು ಕೊಟ್ಟು ಹೋಗು."

ಅವ್ವಾ ಅಂತ ಕರದನ ಹೇಳಿದ. ಅದಕ್ಕ ಸಿಟ್ಟು ಮಾಡಲಿಕ್ಕೂ ಬರಲಿಲ್ಲ. ರೈಲಿನಾಗ ಅವನ ಮಾತಿನಾಗ ತಪ್ಪು ಹುಡಕಿಕೋತ ಬಂದೆ, ಸಿಗಲಿಲ್ಲ. ಫಾದರ್ ನನ್ನ ದಾಟಿ ಹೋದಾಗ ಅವರು ಪರಕೀಯರು ಅಂತ ಸಮಾಧಾನ ಮಾಡಿಕೊಂಡೆ. ಮಗನೂ ನನ್ನ ಎಲಿ ದಾಟಿ ನಿನ್ನ ಎಲಿಗೆ ಬಡಿಸಿದ. ಇದಕ್ಕ ಏನಂತ ಸಮಾಧಾನ ಮಾಡಿಕೊಳ್ಳಲಿ, ಸುಂದರಾ? ನಿನಗ ಅವರಿದ್ದಾರ, ಕೂಸದ, ಹಡದ ಹೆಸರದ. ಒಂದು ಬತ್ತಿ ನನಗ ಇರಲಿ ಅನಸಿತು. ಹೊಳ್ಳಿ ಬರಾಗ ಮೋಟರ್ ಫಾಟಾದಾಗ ನಿಂತಿತು. ನಾ ಗಂಟು ತೊಡಿ ಮ್ಯಾಲ ಗಟ್ಟಿ ಹಿಡಕೊಂಡು ಕುಂತೆ, ಇಳೀಲಿಲ್ಲ. ಕಾಗದ ತಡಾ ಆಗಿದ್ದು ಎಮ್ಮಿ ಸಲುವಾಗಿ ಅಲ್ಲ.

ಮಗ್ಗಲ ಮನಿಯಾಕಿ ಅಸ್ಗರಿಗೆ ಅಷ್ಟ ಖರೇ ಹೇಳಿದೆ. ಆಕಿ ಬೈತಾಳ ಅನಕೊಂಡಿದ್ದೆ, ಬೈಲಿಲ್ಲ. ಅಮಾನತ್ ಅದ ಅದು ಬಾಯಿ, ಒಬ್ಬರ ವಸ್ತು ಇನ್ನೊಬ್ಬರಿಗೆ ಮುಟ್ಟಿಸು ಅಂತ ನಂಬಿ ಕೊಟ್ಟದ್ದು, ಅದನ್ನ ಮನ್ಯಾಗ ಇಟಗೊಂಡ್ರ ಉಂಡದ್ದು ಮೈಗೆ ಹತ್ತಾಂಗಿಲ್ಲ ಅಂದ್ಲು. ಖರೇನ, ಹತ್ತವಲ್ದು.

ಮಂಠಾಳದ ಬಂಡೆಪ್ಪ ನಾಳೆ ಅಂಗಡಿ ಗಾಡಿ ಹೊಡಕೊಂಡು ಕಲ್ಯಾಣಕ್ಕ ಬರ್ತಾನ. ಅವನ ಕೈಯಾಗ ಈ ಕಾಗದ, ಅರಿವ್ಯಾಗ ಸುತ್ತಿದ ಬತ್ತಿ ಕಳಸಾಕತ್ತೇನಿ. ನಿನ್ನ ಜಗಲಿ ಮ್ಯಾಲ ಹಚ್ಚಿ, ಅವನ ಸಲುವಾಗಿ ಬೇಡಿಕೊ. ದೀಪಾವಳಿಗೆ ಅಂವ ಕೇಳಿದ್ರ, ಮುಟ್ಟಿತು ಅಂತ ಹೇಳು, ಯಾವಾಗ ಮುಟ್ಟಿತು ಅಂತ ಹೇಳಬ್ಯಾಡ.

ಅಂವ ಕೊಟ್ಟಾಗ ಬತ್ತಿ ಇದಕ್ಕಿಂತ ಉದ್ದ ಇತ್ತು. ನಿನ್ನೆ ಸಂಜಿಕ ಒಮ್ಮೆ ಹಚ್ಚಿ ಅದರ ಮುಂದ ಕುಂತಿದ್ದೆ, ಅವನ ತಾಯಿ ಅಂತ. ಆಮ್ಯಾಲ ನಾನ ಆರಿಸಿದೆ. ಉರದಷ್ಟು ನಂದು ಅಂತ ತಿಳಕೊ, ತಂಗಿ. ಉಳದದ್ದು ನಿಂದು.